ತಪ್ಪು ವೈರಿನದಲ್ಲ

ಆ ಶೆಡ್ಡಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಒಂದೇಟು ಮೇಸ್ತ್ರಿ’ ಎಂದು. ಇಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಅವರು ಸೆಲ್ಫ್ ಹೊಡೆದರೆ ಗಾಡಿ ಒಂದೇ ಏಟಿಗೆ ಎದ್ದು ನಿಲ್ಲುತ್ತದೆ, ಎರಡನೇ ಏಟು ಬೇಕಾಗುವುದಿಲ್ಲ ಎನ್ನುವುದು ಮೂವತ್ತೊಂದು ವರ್ಷಗಳಿಂದ ಬಂದ ಮಾತು. ಅಪ್ಪನ ಕಾಲದ ಕಾರನ್ನು ಮಾರಲು ಮನಸ್ಸು ಬಾರದೆ, ಓಡಿಸಲು ಧೈರ್ಯ ಸಾಲದೆ ಬಟ್ಟೆ ಹೊದಿಸಿ ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ವಿಚಾರಿಸಿಕೊಂಡು ಆ ಇಕ್ಕಟ್ಟಾದ ಬೀದಿಗೆ ಬರುತ್ತಿದ್ದರು. ಎದುರಿಗೆ ಒಂದು ಪ್ರಿಂಟಿಂಗ್ ಪ್ರೆಸ್ಸು, ಪಕ್ಕದಲ್ಲಿ ಟೈರಿನ ಅಂಗಡಿ, ನಡುವೆ ತಗಡಿನ ಮಾಡಿನ ಈ ಶೆಡ್ಡು. ಬಂದವರು ಯಜಮಾನನ ಮೇಜಿನ ಕಡೆಗೆ ನೋಡುತ್ತಲೇ ಇರಲಿಲ್ಲ. “ಮೇಸ್ತ್ರಿ ಇದ್ದಾರಾ?” ಎನ್ನುವುದೇ ಮೊದಲ ಮಾತು.

ಐವತ್ತೆಂಟರ ಮೇಸ್ತ್ರಿ ಮಾತಿನಲ್ಲಿ ಜಿಪುಣರು. ಬಸ್ಸಿನ ಡಿಪೋದಲ್ಲಿ ನಟ್ಟುಬೋಲ್ಟು ತೊಳೆಯುವುದರಿಂದ ಶುರು ಮಾಡಿ, ಯಾರೂ ಹೇಳಿಕೊಡದೆ, ಕದ್ದು ನೋಡಿ ಕಲಿತವರು. ಹಾಗೆ ಕಲಿತವರಿಗೆ ಒಂದು ಕಷ್ಟವಿದೆ. ‘ನನಗೆ ಗೊತ್ತಿಲ್ಲ’ ಎನ್ನುವುದು, ‘ನಾನು ತಪ್ಪಿದೆ’ ಎನ್ನುವುದು, ಎರಡೂ ಅವರ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಸರ್ಟಿಫಿಕೇಟು ಇದ್ದವನು ತಪ್ಪಿದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಹಾಗೇ ನೇತಾಡುತ್ತಿರುತ್ತದೆ. ಇವರಿಗೆ ಇದ್ದದ್ದು ಹೆಸರೊಂದೇ.

ಶೆಡ್ಡಿಗೆ ಒಂದು ಕಾನೂನಿತ್ತು. ಎಲ್ಲೂ ಬರೆದಿರಲಿಲ್ಲ, ಆದರೆ ಬರೆದದ್ದಕ್ಕಿಂತ ಗಟ್ಟಿಯಾಗಿತ್ತು. ಗಾಡಿ ಕೈಕೊಟ್ಟರೆ ಕೊನೆಗೆ ಅದನ್ನು ಮುಟ್ಟಿದವರು ಯಾರೋ ಅವರೇ ಜವಾಬು ಹೇಳಬೇಕು. ಈಗಿನ ಯಜಮಾನನ ಅಪ್ಪ ಮಾಡಿಟ್ಟು ಹೋದದ್ದು. ಕೇಳಿದರೆ ನ್ಯಾಯ ಅನ್ನಿಸುತ್ತದೆ. ಆದರೆ ಕೆಲಸದ ಸರದಿಯನ್ನು ಸ್ವಲ್ಪ ನೋಡಿ. ಮೊದಲು ಇಂಜಿನ್ ಕೆಲಸ, ಆಮೇಲೆ ವೆಲ್ಡಿಂಗು, ಕಟ್ಟಕಡೆಗೆ ವೈರು. ಯಾವ ಗಾಡಿಯಾದರೂ ಕೊನೆಗೆ ಮುಟ್ಟುವವನು ಎಲೆಕ್ಟ್ರಿಷಿಯನ್ನೇ. ಮೇಲೆ ಕೂತವರು ಮಾಡಿದ ಕಾನೂನು ಕೊನೆಗೆ ಕೈಹಾಕುವವನ ಕೊರಳಿಗೆ ಬಿಗಿಯುವುದು ಆ ಶೆಡ್ಡಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ತಣ್ಣಗಿನ ಕೋಣೆಗಳಲ್ಲಿ ಕೂತವರು ತಪ್ಪಿದರೆ ಅದಕ್ಕೆ ‘ತಾಂತ್ರಿಕ ದೋಷ’ ಎಂಬ ಮರ್ಯಾದೆಯ ಹೆಸರು ಸಿಗುತ್ತದೆ. ಕೈಗೆ ಎಣ್ಣೆ ಮೆತ್ತಿಕೊಂಡವನ ತಪ್ಪಿಗೆ ಅವನ ಅಡ್ಡಹೆಸರನ್ನೇ ಅಂಟಿಸುತ್ತಾರೆ.

ಎಲೆಕ್ಟ್ರಿಷಿಯನ್‌ನ ಅಡ್ಡಹೆಸರು ಬಲ್ಬು. ಕರೆಂಟು ಬರುತ್ತಿದೆಯೋ ಇಲ್ಲವೋ ನೋಡುವ ಪುಟ್ಟ ದೀಪವೊಂದು ಸದಾ ಅವನ ಕೊರಳಿನಲ್ಲಿ ನೇತಾಡುತ್ತಿತ್ತು. ಮೂವತ್ತೆಂಟು ವಯಸ್ಸು. ಮೇಸ್ತ್ರಿಯ ಹೆಂಡತಿಯ ತಮ್ಮ. ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮೇಸ್ತ್ರಿಯ ಮನೆಯ ಮಹಡಿಯಲ್ಲೇ ಸಂಸಾರ. ಕೆಲಸಕ್ಕೆ ಸೇರಿಸಿದ್ದೂ ಭಾವನೇ, ಕೆಲಸ ಕಲಿಸಿದ್ದೂ ಭಾವನೇ. ಆ ವರ್ಷ ಆಗಲೇ ಎರಡು ಸಲ ಕಾನೂನು ಅವನ ಮೇಲೆ ಬಿದ್ದಿತ್ತು. ಒಮ್ಮೆ ಗಿರಾಕಿಯೇ ರಾತ್ರಿಯಿಡೀ ದೀಪ ಉರಿಸಿ ಬ್ಯಾಟರಿ ಸಾಯಿಸಿದ್ದು, ಇನ್ನೊಮ್ಮೆ ವೆಲ್ಡರ್ ಕಿಡಿ ತಾಗಿಸಿ ಹಾರ್ನಿನ ವೈರು ಸುಟ್ಟದ್ದು. ಎರಡಕ್ಕೂ ಬೈಸಿಕೊಂಡವನು ಬಲ್ಬು. “ಮೂರನೇದು ಆದ್ರೆ ನೋಡು” ಎಂದು ಯಜಮಾನ ಬೆರಳು ತೋರಿಸಿ ಹೇಳಿದ್ದ.

ಆ ವಾರ ಬಂದದ್ದು ಹಲ್ಲಿನ ಡಾಕ್ಟರಮ್ಮನ ಕಾರು. ಅವರ ಅಪ್ಪ ಕೊಂಡದ್ದು, ಅರವತ್ತು ವರ್ಷ ಹಳೆಯದು. ಡಿಸ್ಟ್ರಿಬ್ಯೂಟರ್ ಸವೆದಿತ್ತು. ಡಿಸ್ಟ್ರಿಬ್ಯೂಟರ್ ಎಂದರೆ ನಾಲ್ಕು ಪ್ಲಗ್ಗುಗಳಿಗೂ ಸರದಿ ತಪ್ಪದಂತೆ ಕಿಡಿ ಹಂಚುವ ಡಬ್ಬಿ. ಒಳಗೆ ರೋಟರ್ ಎಂಬ ಬೆರಳೊಂದು ಸುತ್ತುತ್ತಾ ಮೇಲಿನ ಮುಚ್ಚಳದ ನಾಲ್ಕು ಮನೆಗಳನ್ನು ಒಂದೊಂದಾಗಿ ತೋರಿಸುತ್ತದೆ. ಯಾವ ಮನೆಯನ್ನು ತೋರಿಸುತ್ತದೋ ಆ ಪ್ಲಗ್ಗಿಗೆ ಕಿಡಿ. ಗುರುವಾರ ಮೇಸ್ತ್ರಿ ಶಾಸ್ತ್ರಬದ್ಧವಾಗಿ ಬಿಚ್ಚಿದರು. ಒಂದನೇ ಪಿಸ್ಟನ್ನನ್ನು ಮೇಲೆ ತಂದು, ರೋಟರ್ ಎತ್ತ ನೋಡುತ್ತಿದೆ ಎಂದು ಇಂಜಿನ್ನಿನ ಮೈಮೇಲೆ ಸೂಜಿಯಿಂದ ಗೀರಿ, ಡಬ್ಬಿಯನ್ನು ಎತ್ತಿ, ಸವೆದ ಜಾಗಕ್ಕೆ ಹೊಸ ಬುಷ್ ಹಾಕಿಸಲು ಲೇತಿನವನಿಗೆ ಕಳಿಸಿದರು.

ಇಲ್ಲೊಂದು ವಿಷಯ ಗೊತ್ತಿರಬೇಕು. ಒಂದನೇ ಪಿಸ್ಟನ್ ಒಂದು ಕಿಡಿಗೂ ಮುಂದಿನ ಕಿಡಿಗೂ ನಡುವೆ ಎರಡು ಸಲ ಮೇಲಕ್ಕೆ ಬರುತ್ತದೆ. ಒಂದು ಸಲ ಪೆಟ್ರೋಲಿನ ಗಾಳಿಯನ್ನು ಅದುಮಿಕೊಂಡು, ಕಿಡಿಗೆ ಕಾಯುತ್ತಾ. ಇನ್ನೊಂದು ಸಲ ಸುಟ್ಟ ಹೊಗೆಯನ್ನು ಆಚೆಗೆ ದಬ್ಬಿ, ಬರಿಗೈಯಲ್ಲಿ. ಎರಡು ಸಲವೂ ಇಂಜಿನ್ನಿನ ಮುಂಭಾಗದಲ್ಲಿರುವ ಪುಲ್ಲಿಯ ಮೇಲಿನ ಗುರುತು ಪಕ್ಕದ ಮುಳ್ಳಿಗೆ ನೇರ ಬಂದು ನಿಲ್ಲುತ್ತದೆ. ಪುಲ್ಲಿಗೆ ವ್ಯತ್ಯಾಸ ತಿಳಿಯದು. ತಿಳಿದುಕೊಳ್ಳುವ ದಾರಿ ಸರಳ. ಪ್ಲಗ್ಗು ಬಿಚ್ಚಿ ತೂತಿನ ಮೇಲೆ ಹೆಬ್ಬೆರಳಿಟ್ಟು ಇಂಜಿನ್ ತಿರುಗಿಸಿದರೆ, ಅದುಮುವ ಸುತ್ತಿನಲ್ಲಿ ಗಾಳಿ ಬೆರಳನ್ನು ಎತ್ತಿ ಹಾಕುತ್ತದೆ.

ಶುಕ್ರವಾರ ಕೈ ಖಾಲಿಯಿತ್ತು. ಸುಮ್ಮನೆ ಕೂರುವ ಜಾಯಮಾನವಲ್ಲ ಮೇಸ್ತ್ರಿಯದು. ಹೇಗೂ ಇಂಜಿನ್ ಬಿಚ್ಚಿದೆಯಲ್ಲ ಎಂದು ಟ್ಯಾಪೆಟ್ ಸರಿಮಾಡಲು ಕೂತರು. ಇಂಜಿನ್ ತಿರುಗಿಸುತ್ತಾ ಒಂದೊಂದೇ ವಾಲ್ವಿನ ಸಂದಿಗೆ ಅಳತೆಯ ತಗಡು ತೂರಿಸಿ ನೋಡುವ ಕೆಲಸ. ಕೊನೆಗೆ ಉಳಿದದ್ದು ನಾಲ್ಕನೇ ಪಿಸ್ಟನ್ನಿನದು. ಅದರ ವಾಲ್ವು ಸರಿಮಾಡಲು ಅದುಮುವ ಸುತ್ತಿನಲ್ಲಿ ಮೇಲೆ ಇರಬೇಕಾದದ್ದು ನಾಲ್ಕನೆಯದು. ಆಗ ಒಂದನೆಯದೂ ಮೇಲೇ ಇರುತ್ತದೆ, ಆದರೆ ಬರಿಗೈಯಲ್ಲಿ. ಕೆಲಸ ಮುಗಿಸಿ ಮೇಸ್ತ್ರಿ ಎದ್ದಾಗ ಪುಲ್ಲಿಯ ಗುರುತು ಮುಳ್ಳಿಗೆ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ನಿಂತಿತ್ತು.

ಶನಿವಾರ ಬೆಳಿಗ್ಗೆ ಬುಷ್ ಹಾಕಿದ ಡಬ್ಬಿ ಬಂತು. ಮೇಸ್ತ್ರಿ ಬಗ್ಗಿ ಪುಲ್ಲಿ ನೋಡಿದರು. ಗುರುತು ಸರಿಯಾಗಿದೆ. ಒಳಗಿಳಿಯುವಾಗ ಹಲ್ಲಿಗೆ ಹಲ್ಲು ಕೂತು ರೋಟರ್ ತುಸು ತಿರುಗುತ್ತದೆಂದು ಅಷ್ಟು ಹಿಂದಕ್ಕೆ ಹಿಡಿದು ಇಳಿಸಿದರು. ಅದು ತಿರುಗಿ, ಗುರುವಾರ ಗೀರಿದ ಗೆರೆಗೆ ಸರಿಯಾಗಿ ಬಂದು ನಿಂತಿತು. ಹೊಸಬನಾದರೆ ಮೂರು ಸಲ ಎತ್ತಿ ಇಳಿಸುತ್ತಿದ್ದ. ಮೇಸ್ತ್ರಿ ಒಂದೇ ಸಲಕ್ಕೆ ಕೂರಿಸಿದರು. ಹೆಬ್ಬೆರಳು ಮಾತ್ರ ಇಡಲಿಲ್ಲ.

“ಭಾವ, ವೈರ್ ಹಾಕ್ಲಾ?”

“ಹಾಕು. ಒಂದನೇದು ಆ ಮೂಲೆ.”

“ಇನ್ನೇನು, ಪ್ಲಗ್ ಅಂದ್ರೆ ಯಾವುದು ಅಂತಾನೂ ತೋರಿಸ್ಬಿಡಿ” ಎಂದು ನಗುತ್ತಾ ಬಲ್ಬು ನಾಲ್ಕು ವೈರನ್ನೂ ಸಿಕ್ಕಿಸಿದ. ಒಂದು, ಮೂರು, ನಾಲ್ಕು, ಎರಡು. ಆ ಇಂಜಿನ್ನಿಗೆ ಕಿಡಿಯ ಸರದಿಯೇ ಅದು.

ಯಜಮಾನ ಬಾಗಿಲಿಗೆ ಬಂದು ನಿಂತಿದ್ದ. ಮೇಸ್ತ್ರಿ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದರು. ಕಾರ್ಬುರೇಟರಿನ ಬಾಯಿಂದ ಒಂದು ಮೊಳ ಬೆಂಕಿ ಹೊರಗೆ ಬಂತು. ಹಿಂದೆಯೇ ಸೈಲೆನ್ಸರಿನೊಳಗೆ ಢಂ ಎಂದು ಸಿಡಿದು, ಅದರ ಹೊಲಿಗೆ ಬಾಯಿಬಿಟ್ಟಿತು. ಪ್ರೆಸ್ಸಿನವರೆಲ್ಲ ಬೀದಿಗೆ ಓಡಿ ಬಂದರು. ಟೈರಿನ ಅಂಗಡಿಯವನು, “ಏನ್ರಪ್ಪಾ, ಯುದ್ಧ ಶುರುವಾಯ್ತಾ?” ಎಂದು ಕೂಗಿದ.

ಮೇಸ್ತ್ರಿ ಕಾರಿನಿಂದ ಇಳಿಯುವ ಮೊದಲೇ ಅವರ ಬಾಯಿಂದ ಮಾತು ಬಿದ್ದಿತ್ತು. “ವೈರ್ ನೋಡೋ. ವೈರ್ ತಪ್ಪು ಹಾಕಿದ್ದೀಯ.”

ಅದು ಸುಳ್ಳಲ್ಲ. ಆ ಕ್ಷಣಕ್ಕೆ ಅವರು ಅದನ್ನೇ ನಂಬಿದ್ದರು. ತಾನು ತಪ್ಪಿರಬಹುದು ಎಂಬುದು ತಲೆಗೆ ಹೊಳೆಯದಷ್ಟು ವರ್ಷಗಳಾಗಿದ್ದವು.

“ಸರಿಯಾಗೇ ಇದೆ ಭಾವ. ನೀವೇ ನೋಡಿ. ಒಂದು, ಮೂರು, ನಾಲ್ಕು, ಎರಡು. ನೀವೇ ಕಲಿಸಿದ್ದು.”

“ಕೊನೆಗೆ ಮುಟ್ಟಿದ್ದು ಯಾರು?” ಯಜಮಾನನ ಪ್ರಶ್ನೆ.

“ನಾನೇ. ಆದ್ರೆ ಯಜಮಾನ್ರೇ...”

“ಆದ್ರೆ ಗೀದ್ರೆ ಬೇಡ. ಮೂರನೇ ಸಲ. ಡಾಕ್ಟ್ರಮ್ಮನಿಗೆ ನಾನೇನು ಹೇಳ್ಲಿ, ನಮ್ಮ ಬಲ್ಬು ಹತ್ಕೊಳ್ಳಲ್ಲ ಅಂತ ಹೇಳ್ಲಾ? ಸಾಯಂಕಾಲ ನಿನ್ನ ಸಾಮಾನು ತಗೊಂಡು ಹೋಗು. ಸೋಮವಾರದಿಂದ ಬರ್ಬೇಡ.”

ವೆಲ್ಡರ್ ನಕ್ಕ. ಬಲ್ಬು ಭಾವನ ಮುಖ ನೋಡಿದ. ಭಾವ ಬಾನೆಟ್ಟಿನೊಳಗೆ ತಲೆ ಹಾಕಿದ್ದರು.

ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಕೂತಾಗ ಮೇಸ್ತ್ರಿ ಒಬ್ಬರೇ ಕಾರಿನ ಬಳಿ ಉಳಿದರು. ವೈರುಗಳನ್ನು ಬೆರಳಲ್ಲಿ ಹಿಡಿದು ಎರಡು ಸಲ ಎಣಿಸಿದರು. ಸರಿಯಾಗಿದ್ದವು. ಒಂದನೇ ಪ್ಲಗ್ಗು ಬಿಚ್ಚಿ, ಹೆಬ್ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಪಾನಾ ಹಾಕಿ ಪುಲ್ಲಿ ತಿರುಗಿಸಿದರು. ಗುರುತು ಮುಳ್ಳಿನ ಹತ್ತಿರ ಬಂದಿತು. ಗಾಳಿ ಬೆರಳನ್ನು ದಬ್ಬಿತು. ಮುಚ್ಚಳ ತೆಗೆದು ನೋಡಿದರೆ ರೋಟರ್ ಬೆನ್ನು ತಿರುಗಿಸಿಕೊಂಡು ನಾಲ್ಕನೇ ಮನೆಯನ್ನು ತೋರಿಸುತ್ತಿತ್ತು.

ಶುಕ್ರವಾರದ ಟ್ಯಾಪೆಟ್ಟು ನೆನಪಾಯಿತು. ಮೇಸ್ತ್ರಿ ಹಳೇ ಟೈರೊಂದರ ಮೇಲೆ ಕುಕ್ಕರಿಸಿದರು.

ಈ ತಪ್ಪಿಗೆ ಎರಡು ಮದ್ದಿದೆ. ಒಂದು, ಡಬ್ಬಿಯನ್ನು ಪೂರ್ತಿ ಎತ್ತಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸಿ, ಕಿಡಿಯ ಟೈಮಿಂಗ್ ಮೊದಲಿನಿಂದ ಕಟ್ಟುವುದು. ಎಲ್ಲರ ಕಣ್ಣೆದುರು ಒಂದು ಗಂಟೆಯ ಕೆಲಸ. ಡಬ್ಬಿ ಎತ್ತಿದ ಕೂಡಲೇ, ಕೂರಿಸಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇನ್ನೊಂದು, ಡಬ್ಬಿಯನ್ನು ಮುಟ್ಟದೆ ಮೇಲಿನ ವೈರುಗಳನ್ನಷ್ಟೇ ಅದಲುಬದಲು ಮಾಡುವುದು. ಒಂದರ ಜಾಗಕ್ಕೆ ನಾಲ್ಕು, ಮೂರರ ಜಾಗಕ್ಕೆ ಎರಡು. ಎರಡು ನಿಮಿಷ. ಗಾಡಿ ಓಡುತ್ತದೆ. ಓಡುವುದಷ್ಟೇ ಅಲ್ಲ, ತಪ್ಪು ವೈರಿನದೇ ಆಗಿತ್ತು ಎಂದು ಸಾಬೀತೂ ಆಗುತ್ತದೆ.

ಊಟವಾಯಿತು. ಮೇಸ್ತ್ರಿ ಬೇರೆ ಗಾಡಿಯ ಬ್ರೇಕಿಗೆ ಕೈ ಹಚ್ಚಿದರು, ಅರ್ಧಕ್ಕೆ ಬಿಟ್ಟರು, ಟೀ ತರಿಸಿದರು, ಕುಡಿಯಲಿಲ್ಲ. ವೆಲ್ಡರ್ ಸೈಲೆನ್ಸರಿನ ಬಾಯಿ ಬೆಸೆದು ಹೋದ. ಗೋಡೆಯ ಪಕ್ಕದ ಬೆಂಚಿನಲ್ಲಿ ಬಲ್ಬು ತನ್ನ ಕಟ್ಟಿಂಗ್ ಪ್ಲೇಯರು, ಟೇಪು, ಫ್ಯೂಸಿನ ಡಬ್ಬ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಂದು ಚೀಲಕ್ಕೆ ಹಾಕುತ್ತಿದ್ದ. ಅವಸರವಿಲ್ಲ, ಗೊಣಗಾಟವಿಲ್ಲ. ಅವನು ಕೂಗಾಡಿದ್ದರೆ ಮೇಸ್ತ್ರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮೂರು ಗಂಟೆಗೆ ಯಜಮಾನ ಬಂದ. “ಮೇಸ್ತ್ರಿ, ಐದಕ್ಕೆ ಡಾಕ್ಟ್ರಮ್ಮ ಬರ್ತಾರೆ. ವೈರ್ ಸರಿಮಾಡಿ ಮುಗಿಸಿಬಿಡಿ.”

ಮೇಸ್ತ್ರಿಯ ಕೈ ತಾನಾಗಿ ಹೋಯಿತು. ಒಂದನೆಯದು ಕಿತ್ತರು, ನಾಲ್ಕನೆಯದು ಕಿತ್ತರು, ಬದಲಿಸಿದರು. ಮೂರು, ಎರಡು, ಬದಲಿಸಿದರು. ಸೆಲ್ಫ್ ಹೊಡೆದರು. ಒಂದೇ ಏಟು. ಇಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

“ನೋಡ್ದಾ! ವೈರೇ!” ಯಜಮಾನ ತೊಡೆ ತಟ್ಟಿದ. “ಮೇಸ್ತ್ರಿ ಅಂದ್ರೆ ಮೇಸ್ತ್ರಿ.”

ಬಲ್ಬು ಚೀಲ ಬಿಟ್ಟು ಎದ್ದು ಬಂದ. ಮುಚ್ಚಳದ ಮೇಲೆ ವೈರುಗಳು ಈಗ ಕೂತ ಸಾಲನ್ನು ನೋಡಿದ. ಅವನಿಗೆ ಅರ್ಥವಾಗಲು ಒಂದು ಉಸಿರು ಸಾಕಾಯಿತು. ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಭಾವನ ಮುಖ ನೋಡಿದ. ವಾಪಸು ಹೋಗಿ ಚೀಲದ ಬಾಯಿ ಕಟ್ಟಿದ.

ಸುಳ್ಳು ಇಷ್ಟು ಚೆನ್ನಾಗಿ ಓಡುತ್ತದೆ ಎಂಬುದೇ ಅದರ ಭೀಕರತೆ. ತಡವರಿಸುತ್ತಿದ್ದರೆ, ಕೆಮ್ಮುತ್ತಿದ್ದರೆ, ಯಾರಾದರೂ ಬಗ್ಗಿ ನೋಡುತ್ತಿದ್ದರು. ಸರಾಗವಾಗಿ ಓಡುವುದರ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ. ಮುಂದೆ ಯಾವಾಗಲೋ ಇದನ್ನು ಬಿಚ್ಚುವ ಇನ್ಯಾವನೋ ಬಡಪಾಯಿ ಪುಸ್ತಕದಲ್ಲಿದ್ದಂತೆ ವೈರು ಹಾಕುತ್ತಾನೆ, ಮತ್ತೆ ಢಂ ಎನ್ನುತ್ತದೆ, ಕೊನೆಗೆ ಮುಟ್ಟಿದವನು ಅವನೇ ಆಗಿರುತ್ತಾನೆ.

ಮೇಸ್ತ್ರಿ ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದರು. ಪಾನಾ ತೆಗೆದುಕೊಂಡು ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿದರು.

“ಓಡ್ತಾ ಇತ್ತಲ್ಲ, ಮತ್ಯಾಕೆ ಬಿಚ್ತೀರಿ?” ಎಂದ ಯಜಮಾನ.

“ಉಲ್ಟಾ ಕೂತಿದೆ.”

“ಏನು ಉಲ್ಟಾ?”

“ಡಿಸ್ಟ್ರಿಬ್ಯೂಟರು. ನಾನೇ ಕೂರಿಸಿದ್ದು. ವೈರ್ ಸರಿಯಾಗೇ ಇತ್ತು. ಈಗ ನಾನು ಹಾಕಿರೋದೇ ತಪ್ಪು ವೈರು.”

ಯಜಮಾನ ಒಮ್ಮೆ ಬೀದಿಯ ಕಡೆ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದ. “ಮೇಸ್ತ್ರಿ, ತಲೆ ಕೆಟ್ಟಿದೆಯಾ? ಅದನ್ನ ಯಾರು ಕೇಳಿದ್ರು? ಜನ ಇಲ್ಲಿಗೆ ಬರೋದು ನಿಮ್ಮ ಹೆಸರು ಕೇಳ್ಕೊಂಡು. ಎಲೆಕ್ಟ್ರಿಷಿಯನ್ ತಪ್ಪು ಅಂದ್ರೆ ಬೇರೆ ಎಲೆಕ್ಟ್ರಿಷಿಯನ್ ಸಿಗ್ತಾನೆ. ನಿಮ್ಮ ತಪ್ಪು ಅಂದ್ರೆ ನಾನು ಬೋರ್ಡ್ ಇಳಿಸ್ಬೇಕಾಗುತ್ತೆ.”

ಅಲ್ಲಿಗೆ ಮೇಸ್ತ್ರಿಗೆ ಆ ಕಾನೂನಿನ ನಿಜವಾದ ಅಳತೆ ಸಿಕ್ಕಿತು. ತಪ್ಪು ಯಾರದೆಂದು ತಿಳಿಯುವ ಉದ್ದೇಶವೇ ಅದಕ್ಕಿರಲಿಲ್ಲ. ಯಾರು ಹೋದರೆ ನಷ್ಟವಿಲ್ಲ ಎಂದು ಲೆಕ್ಕ ಹಾಕಲು ಇಟ್ಟುಕೊಂಡ ಕಾನೂನದು. ಇಷ್ಟು ವರ್ಷ ತಾವು ಅದರ ನೆರಳಲ್ಲಿ ತಣ್ಣಗೆ ಕೂತಿದ್ದರು.

“ಬೋರ್ಡಲ್ಲಿ ನನ್ನ ಹೆಸರಿಲ್ಲ” ಎಂದರು ಮೇಸ್ತ್ರಿ. “ಅವನನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ. ಈಗ ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗ್ತಿದ್ದೀರ.”

ಡಬ್ಬಿ ಎತ್ತಿದರು. ಒಂದನೇ ಪ್ಲಗ್ಗು ಬಿಚ್ಚಿದರು. ಒಬ್ಬರೇ ತೂತಿಗೆ ಬೆರಳಿಟ್ಟು ಪುಲ್ಲಿಯನ್ನೂ ತಿರುಗಿಸುತ್ತಾ ಕಷ್ಟಪಡುತ್ತಿರುವಾಗ ಪಕ್ಕದಿಂದ ಒಂದು ಕೈ ಬಂದು ಪಾನಾ ಹಿಡಿದುಕೊಂಡಿತು.

“ನೀವು ಬೆರಳಿಡಿ. ನಾನು ತಿರುಗಿಸ್ತೀನಿ” ಎಂದ ಬಲ್ಬು.

ಗಾಳಿ ಬೆರಳನ್ನು ದಬ್ಬಿತು. ಗುರುತು ಮುಳ್ಳಿಗೆ ಎಂಟು ಡಿಗ್ರಿ ಇರುವಾಗಲೇ ನಿಲ್ಲಿಸಿದರು, ಆ ಇಂಜಿನ್ನಿಗೆ ಕಿಡಿ ಹುಟ್ಟಬೇಕಾದದ್ದು ಅಲ್ಲಿ. ಮೇಸ್ತ್ರಿ ಡಬ್ಬಿ ಇಳಿಸಿದರು. ರೋಟರ್ ತಿರುಗಿ, ಈ ಸಲ ಒಂದನೇ ಮನೆಗೇ ಮುಖ ಮಾಡಿತು. ಬಲ್ಬು ಕೊರಳಿನ ದೀಪ ತೆಗೆದು, ಡಬ್ಬಿಯೊಳಗೆ ಕಿಡಿ ಹುಟ್ಟಿಸುವ ಪಾಯಿಂಟಿನ ವೈರಿಗೆ ಸಿಕ್ಕಿಸಿದ. ಮೇಸ್ತ್ರಿ ಡಬ್ಬಿಯನ್ನು ಕೂದಲಿನಷ್ಟು ಕೂದಲಿನಷ್ಟೇ ತಿರುಗಿಸುತ್ತಾ ಬಂದರು. ಪಾಯಿಂಟು ಬಿಚ್ಚಿಕೊಂಡ ಗಳಿಗೆಗೆ ದೀಪ ಹತ್ತಿತು. ಅಲ್ಲಿಗೇ ಕ್ಲ್ಯಾಂಪ್ ಬಿಗಿದರು. ವೈರುಗಳು ಮತ್ತೆ ತಮ್ಮ ತಮ್ಮ ಮನೆ ಸೇರಿದವು.

“ಎರಡೂವರೆ ಗಂಟೆ” ಎಂದ ಬಲ್ಬು, ತಲೆ ಎತ್ತದೆ.

“ಏನು?”

“ಊಟದ ಹೊತ್ತಿಗೇ ನಿಮಗೆ ಗೊತ್ತಾಗಿತ್ತು. ಪ್ಲಗ್ ಬಿಚ್ಚಿ ನೋಡಿದ್ದನ್ನ ನಾನು ನೋಡ್ದೆ. ಎರಡೂವರೆ ಗಂಟೆ ಸುಮ್ಮನಿದ್ರಿ.”

ಮೇಸ್ತ್ರಿ ಹೆಬ್ಬೆರಳಿನ ಎಣ್ಣೆ ಒರೆಸಿಕೊಂಡರು. “ಹೂಂ” ಎಂದರು. “ಇದ್ದೆ.”

ಇಂಜಿನ್ ಎದ್ದಿತು. ಬಲ್ಬು ಟೈಮಿಂಗ್ ಲೈಟನ್ನು ಪುಲ್ಲಿಗೆ ಹಿಡಿದ. ಪ್ರತಿ ಕಿಡಿಗೂ ಒಂದು ಮಿಂಚು ಮಿಂಚಿ, ಸುತ್ತುತ್ತಿರುವ ಗುರುತು ನಿಂತಲ್ಲೇ ನಿಂತಂತೆ ಕಾಣಿಸಿತು. “ಹತ್ತು... ಒಂಬತ್ತು... ಇನ್ನೂ ಸ್ವಲ್ಪ... ಎಂಟು. ಬಿಗೀರಿ.” ಮೇಸ್ತ್ರಿ ಬಿಗಿದರು.

ಐದಕ್ಕೆ ಡಾಕ್ಟರಮ್ಮ ಬಂದರು. ಫೋನಿನಲ್ಲಿ ಯಜಮಾನ ಆಗಲೇ ‘ನಮ್ಮ ವೈರಿಂಗ್ ಹುಡುಗನ ಎಡವಟ್ಟು’ ಎಂದಿದ್ದನಂತೆ. ಮೂವತ್ತೆಂಟು ವರ್ಷದ, ಇಬ್ಬರು ಮಕ್ಕಳ ತಂದೆ ಇನ್ನೂ ಹುಡುಗ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಮುಂದೆ ಹೋಗಿ ಹೇಳಿದರು, “ಎಡವಟ್ಟು ನನ್ನದಮ್ಮಾ. ಡಿಸ್ಟ್ರಿಬ್ಯೂಟರ್ ಉಲ್ಟಾ ಕೂರಿಸಿದ್ದೆ. ಸೈಲೆನ್ಸರ್ ಬಿಟ್ಟುಕೊಂಡಿದ್ದೂ ಅದಕ್ಕೇ. ಈಗ ಸರಿಮಾಡಿದ್ದೀವಿ.”

ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವರನ್ನು ನೋಡಿದರು. “ನಾನೂ ಒಂದ್ಸಲ ಒಬ್ಬರ ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತಿದ್ದೆ ಮೇಸ್ತ್ರಿಗಳೇ.”

“ಅವರಿಗೆ ಹೇಳಿದ್ರಾ?”

“ಅದೂ ಹಾಳಾಗಿತ್ತು ಅಂದೆ” ಎಂದು ಹೇಳಿ ಕಾರಿನ ಬಾಗಿಲು ತೆಗೆದರು.

ಯಜಮಾನ ಆ ಸಂಜೆ ಬಲ್ಬನ್ನು ಕರೆದು ಕ್ಷಮೆ ಕೇಳಿದ ಎಂದು ಬರೆಯಲು ಕೈ ತುರಿಸುತ್ತದೆ. ಅಂಥದ್ದೇನೂ ನಡೆಯಲಿಲ್ಲ. ಮೇಜಿನಿಂದ ತಲೆ ಎತ್ತದೆ, “ಸೋಮವಾರ ಬಾ” ಎಂದನಷ್ಟೇ.

ಮನೆಯಲ್ಲಿ ಇನ್ನೊಂದು ಕಾದಿತ್ತು. ಮೇಸ್ತ್ರಿ ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಬಂದಳು. ಮುಖ ಊದಿಕೊಂಡಿತ್ತು.

“ಅವನನ್ನ ಹಾಗೇ ಬಿಡಬೇಡಿ. ಯಜಮಾನ್ರ ಹತ್ರ ಒಂದು ಮಾತಾಡಿ. ತಪ್ಪು ಅವನದೇ ಇರಬಹುದು, ಆದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಾನೆ?”

“ತಪ್ಪು ಅವನದು ಅಂತ ಯಾರು ಹೇಳಿದ್ರು?”

“ಅವನೇ ಮಧ್ಯಾಹ್ನ ಫೋನ್ ಮಾಡಿದ್ದ. ವೈರ್ ಉಲ್ಟಾ ಹಾಕ್ದೆ ಅಕ್ಕ, ಕೆಲಸ ಹೋಯ್ತು, ಭಾವನ್ನ ಏನೂ ಕೇಳ್ಬೇಡ ಅಂದ. ನಾನೂ ಬಾಯಿಗೆ ಬಂದ ಹಾಗೆ ಬೈದೆ. ಹೂಂ ಹೂಂ ಅಂತ ಕೇಳಿಸ್ಕೊಂಡ.”

ಯಜಮಾನನಿಗೆ ಹೇಳಿದ್ದು, ಡಾಕ್ಟರಮ್ಮನಿಗೆ ಹೇಳಿದ್ದು ಯಾವುದೂ ಇದರ ಮುಂದೆ ಕಷ್ಟವಾಗಿರಲಿಲ್ಲ. ಮೇಸ್ತ್ರಿ ಟ್ಯಾಪೆಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದರು. ಎರಡೂವರೆ ಗಂಟೆಯನ್ನೂ ಬಿಡಲಿಲ್ಲ. ಹೆಂಡತಿ ಕೇಳಿಸಿಕೊಂಡಳು. ಆಮೇಲೆ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದಳು, “ಏಯ್, ಇಳಿದು ಬಾರೋ ಇಲ್ಲಿ!”

ಬಲ್ಬು ಇಳಿದು ಬಂದ.

“ಸುಳ್ಳು ಯಾಕೋ ಹೇಳ್ದೆ ನನಗೆ?”

“ನೀವಿಬ್ರೂ ಜಗಳ ಆಡ್ತೀರ ಅಂತ.”

“ನನ್ನ ಮನೆ ಜಗಳ ನಾನು ಆಡ್ಕೋತೀನಿ. ಅದಕ್ಕೆ ನಿನ್ನ ಕೆಲಸ ಯಾಕೆ ಬಲಿ ಕೊಡ್ತೀಯ?” ಗಂಡನ ಕಡೆ ತಿರುಗಿದಳು. “ನಿಮಗೆ ನಾಳೆ ಇದೆ. ಈಗ ಊಟ ಮಾಡಿ.”

ಇಬ್ಬರೂ ಎದುರುಬದುರು ಕೂತರು. ಹೆಂಡತಿ ಇಬ್ಬರಿಗೂ ಬಡಿಸಿದಳು.

“ಸೋಮವಾರ ಬರ್ತೀಯಾ?” ಮೇಸ್ತ್ರಿ ಕೇಳಿದರು.

“ಬರ್ತೀನಿ. ಆದ್ರೆ ಒಂದು ಮಾತು. ಇನ್ಮೇಲೆ ನಾನು ವೈರ್ ಹಾಕೋ ಮೊದಲು ಪ್ಲಗ್ ಬಿಚ್ಚಿ ನಾನೇ ಬೆರಳಿಟ್ಟು ನೋಡ್ತೀನಿ. ಕೂರಿಸಿದ್ದು ನೀವೇ ಆಗಿದ್ರೂ.”

ಮೂವತ್ತೊಂದು ವರ್ಷದಲ್ಲಿ ಅವರ ಕೆಲಸವನ್ನು ಇನ್ನೊಬ್ಬರು ಬೆರಳಿಟ್ಟು ನೋಡಿದ್ದಿಲ್ಲ. ಮೇಸ್ತ್ರಿ ತುತ್ತು ನುಂಗಿ, ನೀರು ಕುಡಿದರು.

“ನೋಡು” ಎಂದರು.